ಚೆಂಡು ಆರಿಸಿ ಕೊಡುತ್ತಿದ್ದ ಕಾಕಾ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪನೆಯ, ಅದೇ ಬಣ್ಣದ ಗಂಟೊಂದಿತ್ತು. ಇಪ್ಪತ್ತು ವರ್ಷ ಕ್ರಿಕೆಟ್ ಚೆಂಡಿನ ಹೊಲಿಗೆ ತಿಕ್ಕಿ ತಿಕ್ಕಿ ಎದ್ದದ್ದು. ಬೆಳಗಾವಿಯ ಕ್ಯಾಂಪಿನಲ್ಲಿ ಅವರು ದಂಡಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದರು. ಸಂಜೆ ಗೋರಾ ಸಾಹೇಬರು ಬ್ಯಾಟಿಂಗ್ ರೂಢಿ ಮಾಡುವಾಗ ಚೆಂಡು ಹಾಕಲು ಇವರನ್ನು ಕರೆಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರ ಕೈಗೆ ಬ್ಯಾಟು ಕೊಟ್ಟಿರಲಿಲ್ಲ. ಮ್ಯಾಚಿನಲ್ಲಿ ಆಡಿಸಿರಲೂ ಇಲ್ಲ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ಇಪ್ಪತ್ತರ ದಶಕದ ಮಾತು ಇದು. ನಾನು ಆಗ ಕಚೇರಿಯಲ್ಲಿ ಹೊಸ ಕಾರಕೂನ. ಕಚೇರಿಯವರದೊಂದು ತಂಡವಿತ್ತು, ಅದರಲ್ಲಿ ನಾನು ಬೌಲರ್. ಜೋರಾಗಿ ಎಸೆಯುವುದೇ ಬೌಲಿಂಗ್ ಎಂದು ತಿಳಿದಿದ್ದೆ. ಒಂದು ಸಂಜೆ ಆಟ ಮುಗಿಸಿ ಅನಗೋಳದ ಮನೆಗೆ ನಡೆದು ಹೊರಟವನನ್ನು ಕಾಕಾ ತಮ್ಮ ಜೀನಿನ ಅಂಗಡಿಯ ಕಟ್ಟೆಯಿಂದ ಕರೆದರು.

"ಏನ್ ತಮ್ಮಾ, ಯಾರ ಮ್ಯಾಲೆ ಸಿಟ್ಟು? ನಾಯಿಗೆ ಕಲ್ಲು ಒಗದಂಗ ಒಗೀತಿ."

ನಾನು ಕಟ್ಟೆಯ ಹತ್ತಿರ ಹೋದೆ.

"ಚಂಡು ಒಗ್ಯಾಂವ ಕೈ ಅಲ್ಲ, ಎಡಗಾಲು. ಅದು ಎಲ್ಲಿ ನೋಡತೈತಿ, ಚಂಡು ಅಲ್ಲಿ ಹೋಕ್ಕೈತಿ. ನಿನ್ನ ಎಡಗಾಲು ಕೊಲ್ಲಾಪುರ ನೋಡತೈತಿ."

ಅಂದಿನಿಂದ ಎರಡು ವರ್ಷ ಅವರಲ್ಲಿ ಕಲಿತೆ. ಮೊದಲು ಬದಲಾಯಿಸಿದ್ದು ನನ್ನ ಬೂಟು. ನಾವು ಆಡುತ್ತಿದ್ದುದು ಚಾಪೆ ಹಾಸಿದ ಇಪ್ಪತ್ತೆರಡು ಗಜದ ಪಿಚ್ಚಿನ ಮೇಲೆ. ಮೊಳೆಯ ಬೂಟು ಚಾಪೆಯನ್ನು ಹರಿಯುತ್ತದೆ, ಬರೀ ಕ್ಯಾನ್ವಾಸು ಜಾರುತ್ತದೆ. ಅವರು ಜೀನಿನ ಉಳಿದ ಚರ್ಮದಿಂದ ನನ್ನ ಬೂಟಿಗೆ ಒರಟು ಅಟ್ಟೆ ಹೊಲಿದುಕೊಟ್ಟರು. ಅಳತೆಯನ್ನು ಬೆಳಿಗ್ಗೆ ತೆಗೆದುಕೊಳ್ಳಲಿಲ್ಲ. "ಸಂಜೀಕ ಬಾ. ದಿನಾ ದುಡದ ಕಾಲು ಖರೇ ಅಳತಿ ಹೇಳತೈತಿ," ಎಂದರು.

ಆಮೇಲೆ ಚೆಂಡು. ಕಣ್ಣು ಮುಚ್ಚಿಸಿ ನನ್ನ ಕೈಗೆ ಮೂರು ಚೆಂಡು ಕೊಡುತ್ತಿದ್ದರು. ಯಾವುದರ ಹೊಲಿಗೆ ಎದ್ದಿದೆ, ಯಾವುದು ಒಂದು ಮಗ್ಗುಲಿಗೆ ಭಾರ, ಬೆರಳಿನಿಂದಲೇ ಹೇಳಬೇಕು. "ಕಣ್ಣು ಬಣ್ಣಕ್ಕ ಮೋಸ ಹೋಗತಾವ. ಬೆರಳು ಹೋಗೂದಿಲ್ಲ," ಎನ್ನುವುದು ಅವರ ಮಾತು. ಮ್ಯಾಚಿನ ದಿನ ಚೆಂಡು ಆರಿಸುವ ಸರದಿ ನಮ್ಮದಾದರೆ ನಮ್ಮ ಕಪ್ತಾನ ಅವರನ್ನೇ ಕರೆಯುತ್ತಿದ್ದ.

ದಂಡಿನವರ ತಂಡದೊಡನೆ ಆಡಿದ ಒಂದು ಮ್ಯಾಚಿನಲ್ಲಿ ಅವರು ಡಬ್ಬಿಯ ಚೆಂಡುಗಳನ್ನೆಲ್ಲ ಬಹಳ ಹೊತ್ತು ತಿರುಗಿಸಿ ಒಂದನ್ನು ಕೊಟ್ಟರು. ಕೈಗೆ ಬಂದ ಕೂಡಲೇ ತಿಳಿಯಿತು: ಹೊಲಿಗೆ ಪೂರಾ ಚಪ್ಪಟೆ. ಅದನ್ನೇ ಹಾಕಿದೆ. ಅಂದು ನನ್ನ ಚೆಂಡು ತಿರುಗಲೇ ಇಲ್ಲ. ಕಾಕಾಗೆ ವಯಸ್ಸಾಯಿತು ಎಂದುಕೊಂಡೆ.

ಹದಿನೈದು ದಿನದ ಮೇಲೆ ಅಂಗಡಿಯಲ್ಲಿ ಕುಳಿತಿದ್ದೆ. ದಾರಕ್ಕೆ ಹಚ್ಚುವ ಮೇಣ ಶೇಗಡಿಯ ಕೆಂಡದ ಮೇಲೆ ಕರಗುತ್ತಿತ್ತು. ಕಾಕಾ ನನ್ನ ಕಡೆ ತಿರುಗಿ ಮಾತಾಡುತ್ತಿದ್ದರು. ಚರ್ಮ ಸುಟ್ಟ ವಾಸನೆ ಬಂತು. ಜೀನಿನ ಚರ್ಮವಿರಬೇಕೆಂದು ನೋಡಿದೆ. ಅವರ ಬಲಗೈ ಶೇಗಡಿಯ ಅಂಚಿನ ಮೇಲಿತ್ತು.

"ಕಾಕಾ, ನಿಮ್ಮ ಕೈ ಸುಡಾಕತ್ತೇತ್ರಿ."

ಅವರು ಕೈ ಎತ್ತಿ, ಬೇರೆ ಯಾರದೋ ಕೈ ಎಂಬಂತೆ ನೋಡಿದರು. "ಹೌದಲ್ಲ," ಎಂದರು. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ ಮೊಣಕೈಯ ಹತ್ತಿರದ ಬಿಳಿಚಿದ ಮಚ್ಚೆ ತೋರಿಸಿದರು. ಡಾಕ್ಟರು ಕುಷ್ಠವೆಂದು ಹೇಳಿ ತಿಂಗಳಾಗಿತ್ತು. ನಾನು ಕುಳಿತಲ್ಲಿಂದ ಏಳಲಿಲ್ಲ. ಏನೂ ಅನಿಸಲಿಲ್ಲ. ಮೇಣ ಉಕ್ಕುತ್ತಿತ್ತು, ಅದನ್ನು ಇಳಿಸಬೇಕು ಎಂದಷ್ಟೇ ಹೊಳೆಯಿತು.

ಮರುವಾರ ಅಂಗಡಿ ಮುಚ್ಚಿತು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಖಾನಾಪುರದ ಆಚೆ ಪಾರಿಶ್ವಾಡದಲ್ಲಿ ತಂಗಿಯಿದ್ದಳು. ಅವಳ ಗಂಡ ಹೊಲದಲ್ಲಿ ಒಂದು ಗುಡಿಸಲು ಹಾಕಿಕೊಟ್ಟ.

ನಾನು ಒಂದು ಸಲ ಹೋದೆ. ರೈಲಿನಲ್ಲಿ ಖಾನಾಪುರ, ಅಲ್ಲಿಂದ ಬಾಡಿಗೆಯ ಎತ್ತಿನ ಗಾಡಿ. ಕಾಕಾ ಬೇವಿನ ನೆರಳಲ್ಲಿ ಕುಳಿತಿದ್ದರು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನಾನು ಹತ್ತು ಹೆಜ್ಜೆ ದೂರ ನಿಂತೆ. ಹತ್ತಿರ ಬಾ ಎಂದು ಅವರು ಅನ್ನಲಿಲ್ಲ.

"ಚಂಡು ತಂದೀಯೇನು?"

"ತಂದೀನ್ರಿ."

"ಹಾಕು ನೋಡೂಣು."

ಬರಿ ಹೊಲದಲ್ಲಿ ಒಂದು ಕೋಲು ನೆಟ್ಟು ಹತ್ತು ಹನ್ನೆರಡು ಚೆಂಡು ಹಾಕಿದೆ. ಕಲ್ಲಿಗೆ ಬಡಿದು ಅತ್ತಿತ್ತ ಹಾರುತ್ತಿದ್ದವು. ಒಂದು ಅವರ ಕಾಲ ಹತ್ತಿರ ಉರುಳಿತು. ಅವರು ಮುಟ್ಟಲಿಲ್ಲ, ನಾನೇ ಹೋಗಿ ಎತ್ತಿಕೊಳ್ಳುವ ತನಕ ಕಾಲು ಹಿಂದೆ ಎಳೆದುಕೊಂಡು ಕುಳಿತರು.

"ತೆಲಿ ಎಡಕ್ಕ ಬೀಳತೈತಿ, ನೆಟ್ಟಗ ಇಡು. ಈ ನೆಲದಾಗ ನಿಂದು ಏನೂ ತಿಳಿಯೂದಿಲ್ಲ ಬಿಡು. ಬರೇ ಕಲ್ಲು."

ಹೊರಡುವಾಗ ದೂರದಿಂದಲೇ ಕೈ ಮುಗಿದು, "ಮುಂದಿನ ಆಯಿತವಾರ ಬರತೀನ್ರಿ ಕಾಕಾ," ಎಂದೆ.

"ಬಾ," ಎಂದರು.

ವಾಪಸು ಬರುವಾಗ ಮಲಪ್ರಭೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಕೈ ತೊಳೆದುಕೊಂಡೆ. ಚೆಂಡನ್ನೂ ತೊಳೆದೆ. ಅದನ್ನು ಅವರು ಮುಟ್ಟಿರಲೇ ಇಲ್ಲ.

ಮುಂದಿನ ಆಯಿತವಾರ ಹೋಗಲಿಲ್ಲ. ಅದರ ಮುಂದಿನದಕ್ಕೆ ಮ್ಯಾಚಿತ್ತು. ಆಮೇಲೆ ಮಳೆ ಹಿಡಿಯಿತು. ಯಾರೂ ನನ್ನನ್ನು ತಡೆದಿರಲಿಲ್ಲ. ಆ ವರ್ಷವೂ ಮರುವರ್ಷವೂ ನಮ್ಮ ತಂಡದಲ್ಲಿ ಹೆಚ್ಚು ವಿಕೆಟ್ಟು ನನ್ನವೇ. ಎಲ್ಲರೂ ಹೊಗಳುತ್ತಿದ್ದರು. ನಾನು ಕೇಳಿಕೊಳ್ಳುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ತಂಗಿಯ ಗಂಡ ಕಚೇರಿಗೆ ಬಂದ. ಕೋರ್ಟಿನ ಕೆಲಸಕ್ಕೆ ಊರಿಗೆ ಬಂದವನು. ಪಡಸಾಲೆಯ ಕಂಬದ ಹತ್ತಿರ ನಿಂತು ಹೇಳಿದ.

"ಅವರು ಹ್ವಾದರ್ರೀ. ಶ್ರಾವಣದಾಗ."

ತಿಂಗಳುಗಳೇ ಆಗಿದ್ದವು. ಕಷ್ಟಪಟ್ಟರೇ ಎಂದು ಕೇಳಿದೆ. ಇಲ್ಲ, ಜ್ವರ ಬಂದು ನಾಲ್ಕು ದಿನಕ್ಕೆ ಹೋದರು ಎಂದ. ಹೊರಡಲು ತಿರುಗಿದವನು ಮತ್ತೆ ನಿಂತ.

"ನೀವು ಬಂದು ಹ್ವಾದ ಮ್ಯಾಲೆ ಗುಡಿಸಲ ಮುಂದ ಇಪ್ಪತ್ತೆರಡು ಗಜ ನೆಲ ಹದಾ ಮಾಡಿದ್ರರೀ. ಆ ಕೈಲೇನ ಒಂದೊಂದು ಕಲ್ಲು ಆರಿಸಿ. ರಕ್ತ ಬಂದ್ರ ನಾವು ಹೇಳಬೇಕು, ಅವರಿಗೆ ತಿಳೀತಿರಲಿಲ್ಲ. ಎರಡು ಹಂಗಾಮು ಅಷ್ಟು ಜಾಗಾ ಬಿತ್ತಾಕ ಬಿಡಲಿಲ್ಲ ನೋಡ್ರಿ. ಅಂವ ಬರತೀನಂತ ಹೇಳ್ಯಾನ ಅಂತಿದ್ರು."

ನಾನು ಕೇಳಿದೆ:

"ಈಗ?"

"ಈ ಸರತಿ ಕಡಲಿ ಹಾಕೀವ್ರಿ."

"ಬಂದೈತೇನು?"

"ಚಲೋ ಬಂದೈತ್ರಿ. ಅಲ್ಲಿ ಕಲ್ಲ ಇಲ್ಲಲ್ಲರಿ."

ಅವನು ನಮಸ್ಕಾರ ಮಾಡಿ ಮೆಟ್ಟಿಲಿಳಿದ. ನಾನು ಒಳಗೆ ಹೋಗಿ ಅರ್ಧ ಬರೆದಿದ್ದ ಅರ್ಜಿಯ ನಕಲು ಮುಗಿಸಿದೆ. ಅಕ್ಷರ ಎಲ್ಲಿಯೂ ಕೆಟ್ಟಿರಲಿಲ್ಲ.