ಜಿಂಕೆಕೊಂಬಿನ ಬಳ್ಳಿ ತಂದವಳು

ಅಕ್ಕನ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ತಾಗಿ, ಉಗುರಿನ ಬುಡದಿಂದ ಗೆಣ್ಣಿನವರೆಗೆ ಚರ್ಮ ಸುಟ್ಟು ಉಳಿದ ಕಲೆ ಅದು. ಆ ಬೆರಳಲ್ಲೇ ಸೂಜಿ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ಒಣಗಿಸಿದ ಗಿಡಗಳನ್ನು ದಪ್ಪ ಬಿಳಿ ಹಾಳೆಗೆ ಹೊಲಿಯುತ್ತಿದ್ದಳು. ಒಂದು ಎಸಳೂ ಮುರಿಯುತ್ತಿರಲಿಲ್ಲ.

ಹೊಸಪೇಟೆಯಲ್ಲಿ ನಾನು ಓದಿದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಆಕೆ ಅಟೆಂಡರ್, ವಿದ್ಯಾರ್ಥಿಗಳಿಗೆಲ್ಲ ಅಕ್ಕ. ಅದೇ ಕೆಲಸದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಸಿಕ್ಕ ನೌಕರಿ. ತವರು ಬಂಡ್ರಿ. ಚಿಕ್ಕವಳಿದ್ದಾಗ ಸಂಡೂರಿನ ಗುಡ್ಡಗಳಲ್ಲಿ ಕಟ್ಟಿಗೆ ಆರಿಸುತ್ತಾ ತಿರುಗಿದವಳು. ಏಳನೇ ಇಯತ್ತೆಗೆ ಶಾಲೆ ನಿಂತಿತ್ತು. ನಾನು ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದುದರಿಂದ ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದಳು.

"ಲೇ ಕಂಪ್ಲಿ, ಹೆಸರು ಆಮ್ಯಾಲ ಕೇಳು. ಮೊದ್ಲು ಯಾವ ಮನಿದು ನೋಡು. ಕಡ್ಡಿ ಮುಟ್ಟು, ನಾಕು ಮೂಲಿ ಐತಾ? ಎಲಿ ಎದುರಾಬದುರಾ ಅದಾವಾ? ತಿಕ್ಕಿದ್ರ ವಾಸನಿ ಬರ್ತೈತಾ? ಹಂಗಾದ್ರ ತುಳಸಿ ಮನಿದು."

ಪುಸ್ತಕದಲ್ಲಿ 'ಕುಟುಂಬ' ಎಂದು ಬರೆದಿದ್ದನ್ನು ಆಕೆ ಮನೆ ಎನ್ನುತ್ತಿದ್ದಳು. ಮುರಿದರೆ ಹಾಲು ಬಂದು, ಬೀಜಕ್ಕೆ ರೇಷ್ಮೆಯ ಕುಚ್ಚು ಇದ್ದರೆ ಎಕ್ಕದ ಮನೆ. ಗಿಡದ ಮನೆಯನ್ನು ಇಷ್ಟು ಅಕ್ಕರೆಯಿಂದ ಹೇಳುತ್ತಿದ್ದವಳಿಗೆ ತನ್ನ ಮನೆ ಯಾವುದೆಂದು ಕೇಳುವವರ ಕಾಟ ಮಾತ್ರ ತಪ್ಪಿರಲಿಲ್ಲ. ವಿಭಾಗದ ಎಲ್ಲ ಕೆಲಸವನ್ನೂ ಆಕೆಗೆ ಹೇಳುತ್ತಿದ್ದರು, ಚಹಾ ತರುವುದೊಂದನ್ನು ಬಿಟ್ಟು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಬೀಜ ಪ್ರಸಾರದ ಪಾಠವನ್ನು ನಮಗೆ ಕಲಿಸಿದ್ದು ಆಕೆಯ ಸೀರೆ. ಗಿಡ ಸಂಗ್ರಹಿಸುವ ಪ್ರವಾಸಗಳಲ್ಲಿ ಗುಡ್ಡದಿಂದ ಇಳಿದ ಮೇಲೆ ಬಂಡೆಯ ಮೇಲೆ ಕೂತು ಸೀರೆಯ ಅಂಚನ್ನು ನಮ್ಮ ಮುಂದೆ ಹರಡುತ್ತಿದ್ದಳು. ಉತ್ತರಾಣಿ, ನೆಗ್ಗಿಲಮುಳ್ಳು, ಹೆಸರು ಗೊತ್ತಿಲ್ಲದ ಹುಲ್ಲಿನ ಮುಳ್ಳು. "ಎಣಸ್ರಿ, ಎಷ್ಟು ಮಂದಿ ಟಿಕೇಟಿಲ್ದ ಬಂದಾರ ನೋಡ್ರಿ" ಎನ್ನುತ್ತಿದ್ದಳು. ನಾವು ಒಂದೊಂದನ್ನೇ ಕಿತ್ತು, ಯಾವ ಮನೆಯದೆಂದು ಹೇಳಬೇಕು.

ಮಳೆಗಾಲ ಮುಗಿಯುವ ಹೊತ್ತಿನ ಅಂಥದೇ ಒಂದು ಪ್ರವಾಸದಲ್ಲಿ ಆಕೆ ಸಂಡೂರಿನ ಒಂದು ಇಳಿಜಾರಿನ ಪೊದೆಯೊಳಗೆ ಹೊಕ್ಕು ತೆಳ್ಳಗಿನ ಬಳ್ಳಿಯೊಂದನ್ನು ತಂದಳು. ಅದರಲ್ಲಿ ಜೋಡಿ ಕೊಂಬಿನಂಥ ಕಾಯಿಗಳಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ನೋಡಿ, "ಏನಮ್ಮ ಈ ಕಸ?" ಎಂದರು.

"ಕಸ ಅಲ್ರಿ ಸಾರ್. ಎಕ್ಕದ ಮನಿದು, ಆದ್ರ ಬ್ಯಾರೆ ಐತಿ. ನಾವು ಸಣ್ಣೋರಿದ್ದಾಗ ಜಿಂಕಿಕೊಂಬು ಅಂತಿದ್ವಿ. ನಿಮ್ಮ ಬುಕ್ಕಿನಾಗ ಐತೇನು ನೋಡ್ರಿ."

ಅವರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ತಜ್ಞರಿಗೆ ಕಳಿಸಿದರು, ಪತ್ರಗಳು ಓಡಾಡಿದವು. ವರ್ಷ ಕಳೆಯುವಷ್ಟರಲ್ಲಿ ಅದು ಯಾರೂ ಈವರೆಗೆ ಹೆಸರಿಡದ ಹೊಸ ಗಿಡವೆಂದು ಖಚಿತವಾಯಿತು.

ಹೊಸ ಗಿಡಕ್ಕೆ ಹೆಸರಿಡಲು ನಿಯಮವಿದೆ. ಒಣಗಿಸಿದ ಒಂದು ಮಾದರಿಯನ್ನು ದೊಡ್ಡ ಸಸ್ಯಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಬೇಕು. ಆ ಹೆಸರಿಗೆ ಆಧಾರ ಆ ಹಾಳೆಯೇ. ಗಿಡ ಎಲ್ಲಿ ಸಿಕ್ಕಿತು, ಯಾವಾಗ, ತಂದವರು ಯಾರು ಎಂಬ ಚೀಟಿ ಅದರ ಮೂಲೆಯಲ್ಲಿರುತ್ತದೆ. ನನ್ನ ಅಕ್ಷರ ದುಂಡಗಿದ್ದುದರಿಂದ ಚೀಟಿ ಬರೆಯಲು ಮುಖ್ಯಸ್ಥರು ನನಗೆ ಹೇಳಿದರು. 'ಸಂಗ್ರಹಿಸಿದವರು' ಎಂಬಲ್ಲಿಗೆ ಬಂದಾಗ ಕೇಳಿದೆ, "ಸರ್, ಇಲ್ಲಿ ಅಕ್ಕನ ಹೆಸರು ಬರೀಲಾ?"

ಅವರು ನಕ್ಕರು. "ಅಟೆಂಡರ್ ಹೆಸರು ಯಾರು ಬರೀತಾರಮ್ಮ? ನನ್ನ ಹೆಸರು ಬರಿ."

ಅಕ್ಕ ಅದೇ ಮೇಜಿನ ಆ ತುದಿಯಲ್ಲಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಬರೆದೆ. ದುಂಡಗೆ, ಅಂದವಾಗಿ ಬರೆದೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬರೆದ ಕೈ ನನ್ನದೆಂದು ನೆನೆದರೆ ಇನ್ನೂ ಹೆಚ್ಚು.

ಗಿಡಕ್ಕೆ ಇಡುವ ಹೆಸರನ್ನು ಎಲ್ಲಿಂದಲಾದರೂ ತರಬಹುದು ಎಂದು ನಿಯಮ ಹೇಳುತ್ತದೆ. ಸಂಡೂರು ಎಂದಿಡಬಹುದಿತ್ತು. ಜಿಂಕೆಕೊಂಬು ಎಂದೇ ಇಡಬಹುದಿತ್ತು. ಮುಖ್ಯಸ್ಥರು ಕಾಲೇಜಿಗೆ ಪ್ರಯೋಗಾಲಯ ಕಟ್ಟಿಸಿಕೊಟ್ಟಿದ್ದ ಗಣಿ ಮಾಲೀಕರೊಬ್ಬರ ಹೆಸರಿಟ್ಟರು. ಸಮಾರಂಭವಾಯಿತು, ಶಾಲು ಹೊದಿಸಿದರು. ಮಾಲೀಕರು ಬಳ್ಳಿಯ ಫೋಟೋ ಹಿಡಿದು ನಿಂತರು, ತಲೆಕೆಳಗಾಗಿ. ಅಕ್ಕ ಕುರ್ಚಿ ಹಾಕಿದಳು, ಮುಗಿದ ಮೇಲೆ ಕುರ್ಚಿ ಎತ್ತಿಟ್ಟಳು.

ಮುಂದಿನ ಬೇಸಿಗೆಗೆ ಅದೇ ಮಾಲೀಕರ ಗಣಿಯ ರಸ್ತೆ ಆ ಇಳಿಜಾರಿನ ಬುಡಕ್ಕೆ ಬಂತು. ಸುದ್ದಿ ತಂದವಳು ಅಕ್ಕ. ಅಂದು ಮೊದಲ ಬಾರಿಗೆ ಆಕೆ ಯಾರೂ ಕರೆಯದೆ ಮುಖ್ಯಸ್ಥರ ಕೋಣೆಗೆ ಹೋದಳು. ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಸಾರ್, ಹೆಸರು ಇಟ್ಟೀರಿ. ಅದಕ್ಕ ಇರಾಕ ಜಾಗಾನೂ ಇಡಸ್ರಿ. ಅವ್ರು ನಿಮ್ಮ ಮಾತು ಕೇಳ್ತಾರ."

"ಶೀಟ್ ಇದೆಯಲ್ಲಮ್ಮ. ವಿಜ್ಞಾನಕ್ಕೆ ಅಷ್ಟು ಸಾಕು."

"ಸತ್ತಿದ್ದು ಸಾಕೇನ್ರಿ?"

ಅವರು ನನ್ನ ಪುಸ್ತಕಕ್ಕೆ ಸಹಿ ಹಾಕಿದರು.

ಆಮೇಲೆ ಅಕ್ಕ ಭಾನುವಾರಗಳಂದು ಒಬ್ಬಳೇ ಗುಡ್ಡಕ್ಕೆ ಹೋಗತೊಡಗಿದಳು. ಆ ಜಾತಿಯ ಕಾಯಿ ಒಣಗಿದರೆ ತಾನಾಗಿ ಸೀಳಿ ಬೀಜ ಹಾರಿಹೋಗುತ್ತದೆ. ಅದಕ್ಕೇ ಕಾಯಿಗಳಿಗೆ ಹಳೆಯ ಸೀರೆಯ ಚೂರು ಸುತ್ತಿ ದಾರ ಕಟ್ಟಿ ಬಂದಿದ್ದಳು. ಬಲಿತ ಮೇಲೆ ಬಿಡಿಸಿ ಚೀಲಕ್ಕೆ ತುಂಬಿಕೊಂಡು ಇಳಿಯುವಾಗ ಗಣಿಯ ಕಾವಲಿನವರು ಹಿಡಿದರು. ಅದಿರು ಕದ್ದಿದ್ದಾಳೆಂದು ಚೀಲವನ್ನು ರಸ್ತೆಯ ಮೇಲೆ ಸುರಿದರು. ಗಾಳಿಯಿತ್ತು. ಕುಚ್ಚು ಕಟ್ಟಿಕೊಂಡ ಬೀಜಗಳೆಲ್ಲ ಎದ್ದು ಲಾರಿಗಳ ಮೇಲೆ, ಕೆಂಪು ಧೂಳಿನ ಮೇಲೆ ಹಾರಿದವು.

"ಅವಕ್ಕ ಹಾರೋದು ಗೊತ್ತಿತ್ತು, ಹಾರಿದ್ವು. ನನಗ ಬೈದಿದ್ದಕ್ಕ ಬ್ಯಾಸರಿಲ್ಲ. ಬೀಳಾಕ ಒಂದು ಗೇಣು ಮಣ್ಣು ಬಿಟ್ಟಿಲ್ಲಲ್ಲ, ಅದಕ್ಕ ಸಿಟ್ಟು" ಎಂದಳು ಮರುದಿನ.

ಗಣಿಯಿಂದ ಕಾಲೇಜಿಗೆ ದೂರು ಬಂತು. ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದಿದ್ದೀರಿ ಎಂದು ಅಕ್ಕನಿಗೆ ಮೆಮೊ ಕೊಟ್ಟರು. ಕೆಳಗೆ ಮುಖ್ಯಸ್ಥರ ಸಹಿಯಿತ್ತು. ಗಿಡವನ್ನು ಕಂಡದ್ದಕ್ಕೆ ಆಕೆಯ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಅದನ್ನು ಉಳಿಸಲು ಹೋದದ್ದಕ್ಕೆ ಬಂತು, ಇನಿಷಿಯಲ್ ಸಮೇತ.

ಆ ಇಳಿಜಾರು ಈಗ ಇಲ್ಲ. ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೆಲವು ಬೀಜಗಳನ್ನು ಅಕ್ಕ ಬಂಡ್ರಿಯಲ್ಲಿ ತಂಗಿಯ ಹೊಲದ ಬೇಲಿಗೆ ಊರಿದಳು. ಎರಡು ಬಳ್ಳಿ ಎದ್ದವು. ನಿವೃತ್ತಳಾದ ಮೇಲೆ ಅಲ್ಲೇ ಹೋಗಿ ನೆಲೆಸಿದಳು. ನಾನು ಅಷ್ಟರಲ್ಲಿ ಉಪನ್ಯಾಸಕಿಯಾಗಿದ್ದೆ. ಆ ಹೆಸರನ್ನು ಕಿತ್ತುಹಾಕಲು ದಾರಿಯಿದೆಯೇ ಎಂದು ನಾಮಕರಣದ ನಿಯಮಗಳನ್ನು ಮೂರು ಸಲ ಓದಿದ್ದೆ. ಇಲ್ಲ. ಒಮ್ಮೆ ಸರಿಯಾಗಿ ಪ್ರಕಟವಾದ ಹೆಸರನ್ನು ಒಪ್ಪುವಂಥದಲ್ಲ, ಹಿತವಿಲ್ಲ ಎಂಬ ಕಾರಣಕ್ಕೆ ತಳ್ಳುವಂತಿಲ್ಲ. ಅಕ್ಕನಿಗೆ ಹೇಳಿದೆ. "ಬಿಡಲೇ ಕಂಪ್ಲಿ. ಬಳ್ಳಿಗೇನು ಅದು ಓದಾಕ ಬರ್ತೈತಾ" ಎಂದು ನೀರು ಹಾಕಲು ಎದ್ದಳು. ನನಗೆ ಓದಲು ಬರುತ್ತದೆ. ನಾನು ಬಿಟ್ಟಿಲ್ಲ.

ಎರಡು ಮಳೆಗಾಲದ ಹಿಂದೆ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಮಣ್ಣಿಗೆ ಕಾಲೇಜಿನಿಂದ ಬಂದವಳು ನಾನೊಬ್ಬಳೇ.

ಆ ತಿಂಗಳ ಕೊನೆಗೆ ರಜೆ ಹಾಕಿ, ರೈಲು ಹತ್ತಿ, ಆ ಹಾಳೆ ಇರುವ ಸಂಗ್ರಹಾಲಯಕ್ಕೆ ಹೋದೆ. ಅಲ್ಲಿನ ಮೇಲ್ವಿಚಾರಕರು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. ಬಳ್ಳಿ ಹಾಗೇ ಇತ್ತು, ಅಕ್ಕನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಮೂಲೆಯಲ್ಲಿ ನನ್ನ ದುಂಡು ಅಕ್ಷರ. ಹಳೆಯ ಚೀಟಿಯನ್ನು ಕೀಳುವಂತಿಲ್ಲ, ಗೀಟು ಹಾಕುವಂತಿಲ್ಲ. ಆದರೆ ತಪ್ಪು ಕಂಡವರು ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಸಹಿ ಮಾಡಬಹುದು.

"ತಿದ್ದುಪಡಿ ಏನು ಮೇಡಂ, ಪ್ರಭೇದವೇ?" ಎಂದು ಅವರು ಕೇಳಿದರು.

"ಅಲ್ಲ. ತಂದವರು."

ಈ ಬರಹದಲ್ಲಿ ಅಕ್ಕನ ಹೆಸರನ್ನು ನಾನು ಹೇಳಿಲ್ಲ. ಅದು ಇರಬೇಕಾದ ಜಾಗ ಆ ಹಾಳೆ. ಅಲ್ಲಿ ಪೂರ್ತಿ ಬರೆದೆ, ತಂದೆಯ ಹೆಸರು, ಊರು ಬಂಡ್ರಿ, ಹುದ್ದೆ ಅಟೆಂಡರ್ ಎಂದು ಸೇರಿಸಿ. ಕೆಳಗೆ ಇನ್ನೊಂದು ಸಾಲು ಬರೆದು ಸಹಿ ಹಾಕಿದೆ: "ಪಕ್ಕದ ಚೀಟಿಯಲ್ಲಿರುವ ಸಂಗ್ರಹಕಾರರ ಹೆಸರು ಸುಳ್ಳು. ಗೊತ್ತಿದ್ದೂ ಬರೆದವಳು ನಾನು."