ಅಶೋಕನ ಕಾಲದ ಪಿಳ್ಳಪ್ಪ

ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಎರಡು ಸೀಟು ಹಿಡಿಯುವವರು ನಮ್ಮ ಪಿಳ್ಳಪ್ಪನವರು. ಬಂಗಾರಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಇವರಿಗೆ, ಕಂಡದ್ದನ್ನೆಲ್ಲ ಅಶೋಕ ಚಕ್ರವರ್ತಿಯ ಆಳ್ವಿಕೆಗೆ ಹೋಲಿಸಿದರೇ ಸಮಾಧಾನ. ಫ್ಯಾನ್ ತಿರುಗದಿದ್ದರೆ, “ಅಶೋಕನ ಕಾಲ್ದಾಗೆ ದಾರಿಯುದ್ದಕ್ಕೂ ಆಲದ ಮರದ ನೆಳ್ಳಿತ್ತು ಕಣ್ರೀ!” ಯಾರಾದರೂ ಕೆಮ್ಮಿದರೆ, “ಆಗ ದನಕ್ಕೂ ಔಸ್ದಿ ಕೊಡ್ತಿದ್ರು!” ಕೇಳಿದವರು ಮೊಬೈಲಿಗೆ ತಲೆ ಬಗ್ಗಿಸುತ್ತಾರೆ, ಕೆಲವರು ಬಾಗಿಲ ಬಳಿ ನಿಲ್ಲುವುದೇ ವಾಸಿ ಎಂದು ಎದ್ದುಹೋಗುತ್ತಾರೆ. ಎದುರು ಮಾತಾಡುತ್ತಿದ್ದವರು ಊರಿಗಾಂನಲ್ಲಿ ಹತ್ತುತ್ತಿದ್ದ ಗೆಳೆಯ ಸೊಣ್ಣಪ್ಪ ಒಬ್ಬರೇ. “ಅಂಗಾದ್ರೆ ಕಳಿಂಗದಾಗೆ ಅಷ್ಟೊಂದು ಜನ ಯಾಕ್ಲಾ ಸತ್ರು?” ಎಂದು ಅವರು ಶುರು ಮಾಡಿದರೆ ಬಂಗಾರಪೇಟೆಯವರೆಗೂ ಜಗಳ, ಇಳಿದ ಮೇಲೆ ಒಟ್ಟಿಗೆ ಟೀ. ಸೊಣ್ಣಪ್ಪ ತೀರಿಕೊಂಡ ಮೇಲೂ ಪಿಳ್ಳಪ್ಪನವರು ಎರಡು ಸೀಟು ಹಿಡಿಯುತ್ತಾರೆ. ರೈಲು ಊರಿಗಾಂ ಬಿಟ್ಟ ಮೇಲೆ ಟವೆಲ್ ಮಡಿಚಿ ಹೆಗಲಿಗೆ ಹಾಕಿಕೊಂಡು, ನಿಂತವರಲ್ಲಿ ಒಬ್ಬರನ್ನು ಕೂರಲು ಕರೆಯುತ್ತಾರೆ. ಮೊನ್ನೆ ಹಾಗೆ ಬಂದು ಕೂತ ಅಪರಿಚಿತನಿಗೆ ಅಶೋಕನ ಗುಣಗಾನವೆಲ್ಲ ಮುಗಿಸಿ, ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಅಂದರು: “ಅಂಗಾದ್ರೆ ಕಳಿಂಗದಾಗೆ ಜನ ಯಾಕೆ ಸತ್ರು ಅಂತ ಒಂದ್ಸಲ ಕೇಳಪ್ಪ ನನ್ನ.”