ಬಸ್ಸಿನಲ್ಲಿ ಹೋದ ಡಿಬಗ್ ಸಿಡಿ

ನನ್ನ ಪ್ರೋಗ್ರಾಮನ್ನು ನಮ್ಮ ಮನೆಯ ಹೊರಗೆ ಬಳಸುತ್ತಿದ್ದವರು, ನನಗೆ ಗೊತ್ತಿದ್ದಂತೆ, ಒಬ್ಬರೇ: ಮುದ್ದೇಬಿಹಾಳದ ಸಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಅಕ್ಕೋರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಸಿಂದಗಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತ, ಪುಕ್ಕಟೆ ಹಂಚುವ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿಗೆ ಕನ್ನಡ ಬರೆಯುವ ಪ್ರೋಗ್ರಾಮು ಕಟ್ಟಿ ಪ್ಯಾಕೇಜು ಮಾಡಿ ಕೊಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಅವರ ಫೋನು ಬಂತು.

"ಸರ, ಪ್ರಿಂಟ್ ಒತ್ತಿದ್ರ ಸಾಕು, ಮುಚ್ಚಿಕೊಂಡು ಹೊಕ್ಕೈತ್ರಿ. ಸೋಮವಾರ ಪರೀಕ್ಷಾ ಐತಿ. ಶನಿವಾರದೊಳಗ ಪ್ರಶ್ನೆಪತ್ರಿಕಿ ಹೊರಗ ಬರ್ಲಿಲ್ಲ ಅಂದ್ರ ಇದನ್ನ ತಗದು ಒಗಿತೇನ್ರಿ."

ಮೊದಲ ಸಂಶಯ ಅಕ್ಕೋರ ಮೇಲೆಯೇ. "ಯಾರದರ ಫ್ಲಾಪಿ ಹಾಕಿದ್ರೇನ್ರಿ?"

"ನಾ ಏನೂ ಮುಟ್ಟಿಲ್ರಿ."

ಏನೂ ಮುಟ್ಟಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನಾನೇ ಹಾಗೆ ಹೇಳುವವನು. ಪ್ರೋಗ್ರಾಮು ಎಲ್ಲಿ ಬೀಳುತ್ತದೆಂದು ತೋರಿಸುವ ಕಮಾಂಡು ಹೇಳಿಕೊಟ್ಟೆ. ಅವರು ಓದಿದರು: "ಪ್ರಶ್ನಾರ್ಥಕ ಚಿಹ್ನೆ, ಮತ್ತ ಪ್ರಶ್ನಾರ್ಥಕ ಚಿಹ್ನೆ... ಸರ, ಪ್ರಶ್ನೆಪತ್ರಿಕಿ ನಿಮ್ಮ ಪ್ರೋಗ್ರಾಮ ತಗ್ಯಾಕತ್ತೈತೇನ್ರಿ?"

ಪ್ಯಾಕೇಜು ಕಟ್ಟುವಾಗ ಪ್ರೋಗ್ರಾಮಿನ ಭಾಗಗಳ ಹೆಸರು, ಸಾಲಿನ ನಂಬರುಗಳನ್ನು ಕಿತ್ತು ಹಗುರ ಮಾಡಿ, ಕಿತ್ತದ್ದನ್ನು, ತಪ್ಪು ಹುಡುಕುವಾಗ ಬೇಕಾಗುವ ಡಿಬಗ್ ಪ್ಯಾಕೇಜು ಎಂದು, ಬೇರೆ ಕೊಡುವುದು ಪದ್ಧತಿ. ನಾನು ಕಿತ್ತಿದ್ದೆ, ಕೊಟ್ಟಿರಲಿಲ್ಲ; ಅದಕ್ಕೇ ಹೆಸರಿರಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಡಯಲ್-ಅಪ್‌ನಲ್ಲಿ ಅಷ್ಟು ಭಾರ ಏರುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ, ನಾನಿಟ್ಟ ಆ ಹೆಸರುಗಳನ್ನು ಯಾರಾದರೂ ಓದಿಯಾರು ಎಂಬ ಅಂಜಿಕೆ. ಮೂಲ ಕೋಡು ಎಲ್ಲರಿಗೂ ತೆರೆದೇ ಇತ್ತು. ಯಾರೂ ಅದನ್ನು ತೆರೆಯುವುದಿಲ್ಲ ಎಂಬ ಧೈರ್ಯವೂ ಇತ್ತು.

ಡಿಬಗ್ ಪ್ಯಾಕೇಜು ಕಟ್ಟಿ, ಸಿಡಿಗೆ ಬರೆದು, ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಕೊಟ್ಟೆ. ಆತ ಅದನ್ನು ಚೀಲಕ್ಕೆ ತುರುಕಿದ.

"ಬಗ್ಗಿಸಬ್ಯಾಡ್ರಿ."

"ಮಂದಿ ಮದಿವಿ ಸಿಡಿನ ಬಗ್ಗಿಲ್ಲ, ನಿಮ್ಮದ ಬಗ್ಗತೈತೇನ್ರಿ?" ಎಂದು ನಕ್ಕ. ಆ ನಗು ನನಗೆ ಸರಿ ಕಾಣಲಿಲ್ಲ.

ಶುಕ್ರವಾರ ಮತ್ತೆ ಫೋನು. ಸಿಡಿ ಹಾಕಿದ ಮೇಲೂ ಪ್ರಶ್ನಾರ್ಥಕ ಚಿಹ್ನೆಗಳೇ. ದೇವರ ಹಿಪ್ಪರಗಿಯಲ್ಲಿ ಚಹಾಕ್ಕೆ ಇಳಿದಾಗ ಕಂಡಕ್ಟರನು ಸಿಡಿ ಅದಲುಬದಲು ಮಾಡಿದ್ದಾನೆಂದು ಖಾತ್ರಿಯಾಯಿತು.

"ಸಿಡಿ ಮ್ಯಾಲೆ ಯಾರ ಅಕ್ಷರ ಐತ್ರಿ?"

"ನಿಮ್ಮದ. ಕಾಗಿ ಕಾಲ ಆಗೇತಿ."

"ಒಳಗ ಮದಿವಿ ಏನರ ಐತೇನ್ರಿ?"

"ಸರ, ನಿಮಗ ಆರಾಮ ಐತಿಲ್ರಿ?"

ಫೋನಿಟ್ಟ ಮೇಲೆ ಹೊಳೆಯಿತು. ಅವರಲ್ಲಿದ್ದ ಪ್ರೋಗ್ರಾಮು ಎಂದೋ ಕಟ್ಟಿದ್ದು, ಡಿಬಗ್ ಪ್ಯಾಕೇಜು ನಿನ್ನೆ ಹೊಸದಾಗಿ ಕಟ್ಟಿದ್ದು. ಒಂದೇ ಸಲ ಕಟ್ಟಿದ ಜೋಡಿಯಾದರಷ್ಟೇ ಅವು ಒಂದನ್ನೊಂದು ಗುರುತಿಸುತ್ತವೆ. ಜೋಡಿಯನ್ನೇ ಸಿಡಿಗೆ ಬರೆದು, ಬೇರೆ ಬಸ್ಸಿಲ್ಲದೆ, ಅದೇ ಕಂಡಕ್ಟರನಿಗೆ ಕೊಟ್ಟೆ. ನನ್ನ ಮುಖ ನೋಡಿ ಆತ ಎರಡೂ ಕೈಯಲ್ಲಿ, ಪ್ರಸಾದದಂತೆ, ಇಸಿದುಕೊಂಡ.

ಶನಿವಾರ ಅಕ್ಕೋರು ಹೇಳಿದರು: "ಈಗ ಹೆಸರು ಬಂದಾವ್ರಿ. ಬಿದ್ದದ್ದು ನೂರಾ ಹನ್ನೆರಡನೇ ಸಾಲಿನಾಗ. ಆ ಭಾಗದ ಹೆಸರು... 'ನಾಳೆ ನೋಡೋಣ' ಅಂತ ಐತ್ರಿ."

ಪ್ರಿಂಟಿನಲ್ಲಿ ಮೊದಲ ಪುಟ ತುಂಬಿದ ಮೇಲೆ ಎರಡನೆಯದಕ್ಕೆ ಹೋಗುವ ಕೆಲಸ ಆ ಭಾಗದ್ದು. ಅರ್ಧ ಬರೆದು, ಆ ಹೆಸರಿಟ್ಟು ಎದ್ದು ಹೋಗಿದ್ದೆ. ಈ ಸಲ ಅವರ ಪ್ರಶ್ನೆಪತ್ರಿಕೆ ಎರಡು ಪುಟದ್ದು.

"ಯಾವ ನಾಳೆ ರೀ ಸರ?"

"ಸದ್ಯಕ್ಕ ಒಂದೊಂದ ಪುಟ ಬ್ಯಾರೆ ಫೈಲ್ ಮಾಡಿ ಪ್ರಿಂಟ್ ಕೊಡ್ರಿ ಅಕ್ಕೋರ."

ಫೋನಿನಲ್ಲೇ ಪ್ರಿಂಟರು ಕಿರ್ರೆಂದಿತು. ಒಂದು ಪುಟ. ತುಸು ತಡೆದು ಇನ್ನೊಂದು.

"ಬಂತ್ರಿ. ಇರ್ಲಿ ಬಿಡ್ರಿ, ತಗದು ಒಗ್ಯಾಂಗಿಲ್ಲ," ಎಂದರು. "ಒಳಗ ಇನ್ನ ಎಷ್ಟ 'ನಾಳೆ' ಅದಾವ, ಅದನ್ನಷ್ಟ ಈಗ ಹೇಳ್ರಿ."